ವಯಸ್ಸಾದವರ ಮೆದುಳಿಗೆ ಶಂಟ್ ಆಪರೇಷನ್: ನಡಿಗೆ ವಾಪಸ್ ಬರುತ್ತೆ, ನೆನಪೂ ಬರುತ್ತಾ? ಮನೆಯವರು ತಿಳಿದಿರಬೇಕಾದ್ದೇನು?

ಶಿವಮೊಗ್ಗ: ‘ಅಪ್ಪಯ್ಯಂಗೆ ಕಾಲು ಎತ್ತಿಡಕ್ಕೇ ಆಗ್ತಿಲ್ಲ.’ ‘ಬಚ್ಚಲಿಗೆ ಹೋಗೋಷ್ಟರಲ್ಲಿ ಬಟ್ಟೆ ಒದ್ದೆ ಆಗಿರುತ್ತೆ.’ ‘ಮೊದಲಿನ ಹಾಗೆ ಮಾತೇ ಇಲ್ಲ, ಕೇಳಿದ್ದಕ್ಕೆ ಉತ್ತರ ಬರೋದು ಯಾವಾಗಲೋ.’ ಎಪ್ಪತ್ತು ದಾಟಿದವರಿರುವ ಮನೆಗಳಲ್ಲಿ ಈ ಮೂರೂ ಮಾತು ಹೊಸದೇನಲ್ಲ. ಕಾಲಿನ ತೊಂದರೆಗೆ ಮೂಳೆ ಡಾಕ್ಟರ ಹತ್ತಿರ ಹೋಗ್ತಾರೆ. ಮೂತ್ರಕ್ಕೆ ಪ್ರಾಸ್ಟೇಟ್ ಮಾತ್ರೆ ಶುರುವಾಗುತ್ತೆ. ಮರೆವಿಗೆ ಮಾತ್ರ ಯಾರೂ ಔಷಧಿ ಕೇಳಲ್ಲ, ‘ವಯಸ್ಸಾಯ್ತು ಬಿಡಿ’ ಅಂತ ಸುಮ್ಮನಾಗ್ತಾರೆ.

ಆದರೆ ಈ ಮೂರೂ ಒಂದೇ ವ್ಯಕ್ತಿಯಲ್ಲಿ ಒಟ್ಟಿಗೆ ಕಾಣಿಸಿದರೆ, ಅದರಲ್ಲೂ ನಡಿಗೆಯ ತೊಂದರೆಯೇ ಮೊದಲು ಶುರುವಾಗಿದ್ದರೆ, ಕಾರಣ ಒಂದೇ ಇರಬಹುದು. ಅದು ಮೆದುಳಿನೊಳಗೆ ನೀರು ಹೆಚ್ಚಾಗಿರುವುದು. ವೈದ್ಯರು ಇದನ್ನು ‘ನಾರ್ಮಲ್ ಪ್ರೆಶರ್ ಹೈಡ್ರೋಸೆಫಲಸ್’, ಚಿಕ್ಕದಾಗಿ ಎನ್‌ಪಿಎಚ್ ಅಂತಾರೆ. ವಯಸ್ಸಾದವರ ಮರೆವು, ನಡಿಗೆ ತೊಂದರೆಗಳಲ್ಲಿ ಆಪರೇಷನ್‌ನಿಂದ ಸುಧಾರಿಸಬಹುದಾದ ಕೆಲವೇ ಕಾಯಿಲೆಗಳಲ್ಲಿ ಇದೂ ಒಂದು.

ಆಪರೇಷನ್ ಆಯ್ತು ಅಂದ ಕೂಡಲೇ ಎಲ್ಲವೂ ಮೊದಲಿನಂತೆ ಆಗಿಬಿಡುತ್ತೆ ಅಂತ ಅಂದುಕೊಂಡವರಿಗೆ ನಿರಾಸೆಯಾಗಬಹುದು. ಏನು ವಾಪಸ್ ಬರುತ್ತೆ, ಏನು ಬರದೇ ಇರಬಹುದು, ಮನೆಯಲ್ಲಿ ಏನು ನೋಡಿಕೊಳ್ಳಬೇಕು ಅನ್ನೋದು ಮೊದಲೇ ಗೊತ್ತಿದ್ದರೆ ಹಿರಿಯರ ಮುಂದಿನ ದಿನಗಳು ಸುಲಭವಾಗುತ್ತವೆ.

ಏನಿದು ‘ಮೆದುಳಿನ ನೀರು’?

ಮೆದುಳು ಮತ್ತು ಬೆನ್ನುಹುರಿಯ ಸುತ್ತ ತಿಳಿನೀರಿನಂಥ ಒಂದು ದ್ರವ ಇರುತ್ತೆ. ದೊಡ್ಡವರ ದೇಹದಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್‌ನಷ್ಟು ಈ ದ್ರವ ತಯಾರಾಗುತ್ತೆ. ಆದರೆ ಯಾವುದೇ ಹೊತ್ತಿನಲ್ಲಿ ಒಳಗೆ ಇರೋದು ಸುಮಾರು 150 ಮಿ.ಲೀ. ಮಾತ್ರ. ಉಳಿದದ್ದು ಕಾಲಕಾಲಕ್ಕೆ ರಕ್ತಕ್ಕೆ ಸೇರಿಕೊಂಡು ಹೋಗ್ತಾ ಇರುತ್ತೆ. ಕೆರೆಗೆ ಬರುವ ನೀರು, ತೂಬಿನಲ್ಲಿ ಹೋಗುವ ನೀರು ಸಮ ಇದ್ದ ಹಾಗೆ.

ಕೆಲವು ಹಿರಿಯರಲ್ಲಿ ಈ ಸಮತೋಲನ ತಪ್ಪುತ್ತೆ. ಮೆದುಳಿನ ಒಳಗಿನ ಕೋಣೆಗಳು ನಿಧಾನವಾಗಿ ಹಿಗ್ಗುತ್ತವೆ. ಸೂಜಿ ಹಾಕಿ ಒತ್ತಡ ನೋಡಿದರೆ ಸಾಮಾನ್ಯ ಮಟ್ಟದಲ್ಲೇ ಕಾಣುತ್ತೆ. ಹೆಸರಿನಲ್ಲಿ ‘ನಾರ್ಮಲ್ ಪ್ರೆಶರ್’ ಅಂತ ಇರೋದು ಅದಕ್ಕೇ. ಹಿಗ್ಗಿದ ಕೋಣೆಗಳ ಪಕ್ಕದಲ್ಲೇ ಕಾಲು, ಮೂತ್ರಕೋಶ ಮತ್ತು ಯೋಚನೆಯ ವೇಗಕ್ಕೆ ಸಂಬಂಧಿಸಿದ ನರತಂತುಗಳು ಹಾದು ಹೋಗುತ್ತವೆ. ಈ ಮೂರೂ ತೊಂದರೆ ಒಟ್ಟಿಗೆ ಕಾಣಿಸಿಕೊಳ್ಳೋದಕ್ಕೆ ಇದೇ ಕಾರಣ ಅಂತ ವೈದ್ಯರು ವಿವರಿಸುತ್ತಾರೆ.

ಈ ಕಾಯಿಲೆಯನ್ನು ಮೊದಲು ಗುರುತಿಸಿದವರು ಕೊಲಂಬಿಯಾ ದೇಶದ ನರಶಸ್ತ್ರಚಿಕಿತ್ಸಕ ಸಾಲೊಮೊನ್ ಹಕೀಮ್. 1957ರಲ್ಲಿ ಬೊಗೊಟಾ ನಗರದಲ್ಲಿ ವಾಹನ ಅಪಘಾತಕ್ಕೀಡಾದ 16 ವರ್ಷದ ಹುಡುಗನೊಬ್ಬ ಅವರ ಆರೈಕೆಯಲ್ಲಿದ್ದ. ಪರೀಕ್ಷೆಗೆಂದು ಸ್ವಲ್ಪ ದ್ರವ ತೆಗೆದ ಮೇಲೆ, ಮಾತಿಲ್ಲದೆ ಮಲಗಿದ್ದ ಹುಡುಗ ಮಾತಾಡಲು ಶುರು ಮಾಡಿದ. ಮುಂದೆ ವಯಸ್ಸಾದವರಲ್ಲೂ ಇಂಥದ್ದೇ ಸುಧಾರಣೆ ಕಂಡಿತು. 1965ರಲ್ಲಿ ಹಕೀಮ್ ಮತ್ತು ಅಮೆರಿಕದ ರೇಮಂಡ್ ಆಡಮ್ಸ್ ಅವರ ಲೇಖನಗಳು ಪ್ರಕಟವಾದ ಮೇಲೆ ಜಗತ್ತಿನ ವೈದ್ಯರ ಗಮನ ಇದರತ್ತ ಹೋಯಿತು.

ನಡಿಗೆ ನೋಡಿಯೇ ಅನುಮಾನ ಬರುತ್ತೆ

ಎನ್‌ಪಿಎಚ್ ಇರುವವರ ನಡಿಗೆಗೆ ಒಂದು ಲಕ್ಷಣ ಇದೆ. ಪಾದ ನೆಲಕ್ಕೆ ಅಂಟಿಕೊಂಡ ಹಾಗಿರುತ್ತೆ. ಕಾಲು ಅಗಲಿಸಿಕೊಂಡು, ಚಿಕ್ಕ ಚಿಕ್ಕ ಹೆಜ್ಜೆ ಇಡ್ತಾರೆ. ಹೊರಡುವಾಗ ಮೊದಲ ಹೆಜ್ಜೆ ಎತ್ತೋದೇ ಕಷ್ಟ. ತಿರುಗುವಾಗ ನಿಂತಲ್ಲೇ ಹತ್ತಾರು ಪುಟ್ಟ ಹೆಜ್ಜೆ ಹಾಕ್ತಾರೆ. ಹೆಚ್ಚಾಗಿ ಬೀಳೋದೂ ಹೀಗೆ ತಿರುಗುವಾಗಲೇ.

ಇದನ್ನು ಪಾರ್ಕಿನ್ಸನ್ ಅಂತ ತಪ್ಪು ತಿಳಿಯೋದುಂಟು. ಆದರೆ ಎನ್‌ಪಿಎಚ್‌ನಲ್ಲಿ ಸಾಮಾನ್ಯವಾಗಿ ಕೈ ನಡುಕ ಇರಲ್ಲ, ನಡೆಯುವಾಗ ಕೈ ಬೀಸೋದು ನಿಂತಿರಲ್ಲ, ಪಾರ್ಕಿನ್ಸನ್ ಮಾತ್ರೆಯಿಂದ ಹೇಳಿಕೊಳ್ಳುವಂಥ ಗುಣವೂ ಕಾಣಲ್ಲ. ಅಲ್ಝೈಮರ್‌ನಲ್ಲಿ ಮೊದಲು ಹೋಗೋದು ನೆನಪು, ನಡಿಗೆ ಕೆಡೋದು ತುಂಬಾ ತಡವಾಗಿ. ಎನ್‌ಪಿಎಚ್‌ನಲ್ಲಿ ಉಲ್ಟಾ, ಕಾಲು ಮೊದಲು. ಮರೆವಿಗಿಂತ ಮಂಕುತನ, ಯಾವುದರಲ್ಲೂ ಆಸಕ್ತಿ ಇಲ್ಲದಿರೋದು, ಉತ್ತರ ಕೊಡಲು ತಡವಾಗೋದು ಇಲ್ಲಿ ಹೆಚ್ಚು.

ಸಿ.ಟಿ. ಅಥವಾ ಎಂಆರ್‌ಐ ಸ್ಕ್ಯಾನ್‌ನಲ್ಲಿ ಕೋಣೆಗಳು ಹಿಗ್ಗಿದ್ದು ಕಾಣುತ್ತೆ. ಆದರೆ ವಯಸ್ಸಾದ ಮೆದುಳು ಕುಗ್ಗಿದಾಗಲೂ ಕೋಣೆ ದೊಡ್ಡದಾಗಿ ಕಾಣಬಹುದು. ಹಾಗಾಗಿ ಸ್ಕ್ಯಾನ್ ಒಂದನ್ನೇ ನೋಡಿ ಆಪರೇಷನ್ ಮಾಡಲ್ಲ. ‘ಟ್ಯಾಪ್ ಟೆಸ್ಟ್’ ಅಂತ ಮಾಡ್ತಾರೆ. ಬೆನ್ನಿನ ಕೆಳಭಾಗದಿಂದ ಸೂಜಿಯಲ್ಲಿ 30ರಿಂದ 50 ಮಿ.ಲೀ. ದ್ರವ ತೆಗೆದು, ಅದಕ್ಕೂ ಮೊದಲು ಮತ್ತು ಆಮೇಲೆ ನಡಿಗೆಯ ವೇಗ ಅಳೆಯುತ್ತಾರೆ. ನಡಿಗೆ ಚುರುಕಾದರೆ ಆಪರೇಷನ್‌ನಿಂದ ಅನುಕೂಲ ಆಗುವ ಸಾಧ್ಯತೆ ಹೆಚ್ಚು. ಬದಲಾವಣೆ ಕಾಣದಿದ್ದರೆ ಕಾಯಿಲೆಯೇ ಇಲ್ಲ ಅಂತ ಅರ್ಥ ಅಲ್ಲ. ಅಂಥವರಿಗೆ ಕೆಲವು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ನಿಧಾನವಾಗಿ ದ್ರವ ಬಸಿದು ನೋಡುವ ಪದ್ಧತಿಯೂ ಇದೆ.

ಮನೆಯವರು ಇಲ್ಲೊಂದು ಸಹಾಯ ಮಾಡಬಹುದು. ಟೆಸ್ಟ್‌ಗೂ ಮುಂಚೆ, ಕೆಲವು ಗಂಟೆ ಆದ ಮೇಲೆ ಮತ್ತು ಮಾರನೇ ದಿನ ಹಿರಿಯರು ನಡೆಯೋದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಬೇಕು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರೋದನ್ನು ತೆಗೆದರೆ ಸಾಕು. ಎಷ್ಟು ಸೆಕೆಂಡ್ ಹಿಡಿಯಿತು ಅನ್ನೋದು ಆ ವಿಡಿಯೋದಲ್ಲೇ ಸಿಗುತ್ತೆ. ಆಪರೇಷನ್ ಆಗಿ ಮೂರು ತಿಂಗಳಿಗೆ, ವರ್ಷಕ್ಕೆ ಹೋಲಿಸಿ ನೋಡೋದಕ್ಕೂ ಇದೇ ಆಧಾರ.

ಆಪರೇಷನ್‌ನಲ್ಲಿ ಏನು ಮಾಡ್ತಾರೆ?

ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ, ಮೆದುಳಿನ ಕೋಣೆಗೆ ತೆಳು ನಳಿಕೆ ಇಳಿಸುತ್ತಾರೆ. ಅದು ಚರ್ಮದ ಅಡಿಯಲ್ಲೇ ಕುತ್ತಿಗೆ, ಎದೆ ದಾಟಿ ಹೊಟ್ಟೆಗೆ ಬರುತ್ತೆ. ಇದೇ ಶಂಟ್. ಕಿವಿಯ ಹಿಂದೆ ಚರ್ಮದ ಕೆಳಗೆ ಒಂದು ಸಣ್ಣ ವಾಲ್ವ್ ಇರುತ್ತೆ. ಎಷ್ಟು ದ್ರವ ಹರಿಯಬೇಕು ಅನ್ನೋದನ್ನು ಅದು ನಿಯಂತ್ರಿಸುತ್ತೆ.

‘ಹೊಟ್ಟೆಗೆ ನೀರು ಬಿಟ್ಟರೆ ಹೊಟ್ಟೆ ಊದಲ್ವಾ?’ ಅನ್ನೋದು ಹಲವರ ಪ್ರಶ್ನೆ. ದ್ರವ ಹೋಗೋದು ಜಠರಕ್ಕಲ್ಲ, ಕರುಳಿನ ಸುತ್ತಲಿನ ಜಾಗಕ್ಕೆ. ಅಲ್ಲಿಂದ ಅದು ರಕ್ತಕ್ಕೆ ಸೇರಿಹೋಗುತ್ತೆ. ಊಟ ತಿಂಡಿಗೆ ಇದರಿಂದ ಅಡ್ಡಿಯಿಲ್ಲ.

ವಾಲ್ವ್‌ನಲ್ಲಿ ಎರಡು ಬಗೆ ಇದೆ. ಒಂದರಲ್ಲಿ ಒತ್ತಡದ ಮಟ್ಟ ಮೊದಲೇ ನಿಗದಿಯಾಗಿರುತ್ತೆ. ಇನ್ನೊಂದರಲ್ಲಿ ಆಪರೇಷನ್ ಆದ ಮೇಲೂ ಹೊರಗಿನಿಂದ, ಅಯಸ್ಕಾಂತದ ಉಪಕರಣ ಇಟ್ಟು ಮಟ್ಟ ಬದಲಿಸಬಹುದು. ಇದನ್ನು ಪ್ರೋಗ್ರಾಮಬಲ್ ವಾಲ್ವ್ ಅಂತಾರೆ. ಇದರ ಬೆಲೆ ಸಾಮಾನ್ಯ ಶಂಟ್‌ಗಿಂತ ಹಲವು ಪಟ್ಟು ಹೆಚ್ಚು. ಅನುಕೂಲ ಏನಂದ್ರೆ, ದ್ರವ ಜಾಸ್ತಿ ಹರಿದರೂ ಕಡಿಮೆ ಹರಿದರೂ ಮತ್ತೆ ಚರ್ಮ ಕೊಯ್ಯದೆ ಸರಿಪಡಿಸಬಹುದು.

ಏನು ವಾಪಸ್ ಬರುತ್ತೆ?

ಮನೆಯವರು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕಾದ ಭಾಗ ಇದು. ಮೂರು ತೊಂದರೆಯಲ್ಲಿ ಮೊದಲು ಮತ್ತು ಹೆಚ್ಚು ಸುಧಾರಿಸೋದು ನಡಿಗೆ. ಕೆಲವರಲ್ಲಿ ಕೆಲವೇ ದಿನದಲ್ಲಿ, ಕೆಲವರಲ್ಲಿ ವಾರಗಳಲ್ಲಿ ಬದಲಾವಣೆ ಕಾಣುತ್ತೆ. ಮೂತ್ರದ ಹಿಡಿತಕ್ಕೆ ಇನ್ನೂ ಸಮಯ ಬೇಕು. ಯೋಚನೆಯ ಚುರುಕು, ನೆನಪು ಕೊನೆಯದು. ಸ್ವಲ್ಪ ಬರಬಹುದು, ಬರದೆಯೂ ಇರಬಹುದು.

ಇದು ಬರೀ ಅನುಭವದ ಮಾತಲ್ಲ. 2025ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ‘ಪೆನ್ಸ್’ ಎಂಬ ಅಧ್ಯಯನ ಪ್ರಕಟವಾಯಿತು. ಹಲವು ಆಸ್ಪತ್ರೆಗಳ 99 ರೋಗಿಗಳಿಗೆ ಪ್ರೋಗ್ರಾಮಬಲ್ ಶಂಟ್ ಹಾಕಲಾಗಿತ್ತು. ಅರ್ಧದಷ್ಟು ಜನರಿಗೆ ವಾಲ್ವ್ ತೆರೆದು, ಉಳಿದವರಿಗೆ ದ್ರವ ಹರಿಯದಂತೆ ಇಟ್ಟು, ಮೂರು ತಿಂಗಳ ನಂತರ ಹೋಲಿಸಿ ನೋಡಿದರು. ಆಮೇಲೆ ಎರಡನೇ ಗುಂಪಿನವರ ವಾಲ್ವ್ ಅನ್ನೂ ತೆರೆದರು.

ವಾಲ್ವ್ ತೆರೆದವರ ನಡಿಗೆಯ ವೇಗ ಸರಾಸರಿ ಸೆಕೆಂಡಿಗೆ 0.23 ಮೀಟರ್ ಹೆಚ್ಚಾಯಿತು. ಇನ್ನೊಂದು ಗುಂಪಿನಲ್ಲಿ ಹೆಚ್ಚಾಗಿದ್ದು 0.03 ಮೀಟರ್ ಮಾತ್ರ. ಕೇಳೋದಕ್ಕೆ ಸಣ್ಣ ಸಂಖ್ಯೆ. ಆದರೆ ಸೆಕೆಂಡಿಗೆ 0.6 ಮೀಟರ್ ನಡೆಯುವವರು ಹಾಸಿಗೆಯಿಂದ 10 ಮೀಟರ್ ದೂರದ ಬಚ್ಚಲು ತಲುಪೋದಕ್ಕೆ ಸುಮಾರು 17 ಸೆಕೆಂಡ್ ಬೇಕು. ಈ ಸುಧಾರಣೆ ಸೇರಿಸಿದರೆ 12 ಸೆಕೆಂಡ್ ಸಾಕು. ಮೂತ್ರ ತಡೆಯೋಕೆ ಆಗದವರಿಗೆ ಆ ಐದು ಸೆಕೆಂಡ್‌ನ ಬೆಲೆ ಗೊತ್ತು.

ಬೀಳುವುದರಲ್ಲೂ ವ್ಯತ್ಯಾಸ ಕಂಡಿತು. ವಾಲ್ವ್ ತೆರೆದ ಗುಂಪಿನಲ್ಲಿ ಬಿದ್ದವರು ಶೇ 24, ಇನ್ನೊಂದು ಗುಂಪಿನಲ್ಲಿ ಶೇ 46. ಎಪ್ಪತ್ತು ದಾಟಿದವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಏನಾಗುತ್ತೆ ಅನ್ನೋದು ಬಹಳ ಮನೆಗಳಿಗೆ ಗೊತ್ತಿರುವ ಸಂಗತಿ. ಆದರೆ ನೆನಪು ಮತ್ತು ಮೂತ್ರದ ಹಿಡಿತದ ವಿಷಯದಲ್ಲಿ ಮೂರು ತಿಂಗಳಿಗೆ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಅಪಾಯವನ್ನೂ ಇದೇ ಅಧ್ಯಯನ ಹೇಳಿದೆ. ವಾಲ್ವ್ ತೆರೆದವರಲ್ಲಿ ಶೇ 12 ಮಂದಿಗೆ ತಲೆಯೊಳಗೆ ರಕ್ತಸ್ರಾವ ಕಂಡಿತು, ಇನ್ನೊಂದು ಗುಂಪಿನಲ್ಲಿ ಶೇ 2. ಎದ್ದು ಕೂತಾಗ ಬರುವ ತಲೆನೋವು ಮೊದಲ ಗುಂಪಿನಲ್ಲಿ ಶೇ 59, ಎರಡನೇ ಗುಂಪಿನಲ್ಲಿ ಶೇ 28. ಅಂದರೆ ಇದು ಲಾಭವೂ ಇರುವ, ಅಪಾಯವೂ ಇರುವ ಆಪರೇಷನ್. ಎರಡನ್ನೂ ತೂಗಿಯೇ ತೀರ್ಮಾನಕ್ಕೆ ಬರಬೇಕು.

‘ಆಪರೇಷನ್ ಆಗಿ ಎರಡು ತಿಂಗಳಾಯ್ತು, ಮೊಮ್ಮಗನ ಹೆಸರೇ ನೆನಪಾಗಲ್ಲ, ದುಡ್ಡು ದಂಡ’ ಅಂತ ಯಾರಾದರೂ ಅಂದರೆ, ಅದೇ ಅಜ್ಜ ಈಗ ಯಾರ ಕೈಯೂ ಹಿಡಿಯದೆ ಜಗಲಿಗೆ ಬಂದು ಕೂರ್ತಾರಾ ಅಂತಲೂ ಕೇಳಬೇಕಾಗುತ್ತೆ. ಹಾಗೆ ಬರ್ತಾರೆ ಅಂದರೆ, ಆಪರೇಷನ್ ತನ್ನ ಮುಖ್ಯ ಕೆಲಸ ಮಾಡಿದೆ.

ಮೊದಲ ಮೂರು ತಿಂಗಳು

ಎಲ್ಲ ಸರಿಯಿದ್ದರೆ ಕೆಲವೇ ದಿನಗಳಲ್ಲಿ ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರೆ. ತಲೆ ಮತ್ತು ಹೊಟ್ಟೆ, ಎರಡೂ ಕಡೆ ಹೊಲಿಗೆ ಇರುತ್ತೆ. ಹೊಲಿಗೆ ತೆಗೆಯೋವರೆಗೆ ಗಾಯ ಒದ್ದೆ ಮಾಡಬಾರದು, ಎಣ್ಣೆ ಹಚ್ಚಬಾರದು. ಮನೆಮದ್ದಿನ ಲೇಪವಂತೂ ಬೇಡವೇ ಬೇಡ.

ತಿಂಗಳುಗಟ್ಟಲೆ ಸರಿಯಾಗಿ ನಡೆಯದ ಕಾಲಿನ ಸ್ನಾಯು ಸೊರಗಿರುತ್ತೆ. ಶಂಟ್ ದ್ರವ ಹರಿಸುತ್ತೆ, ಆದರೆ ಕಾಲಿಗೆ ಬಲ ಕೊಡೋದು ವ್ಯಾಯಾಮ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಿದ್ದನ್ನು ಮನೆಯಲ್ಲಿ ದಿನಾ ಮಾಡಿಸಬೇಕು. ಕುರ್ಚಿಯಿಂದ ಕೈ ಊರದೆ ಏಳೋದು, ಗೋಡೆ ಹಿಡಿದು ಕಾಲು ಎತ್ತೋದು, ಅಂಗಳದಲ್ಲಿ ನಾಲ್ಕು ಸುತ್ತು ನಡೆಯೋದು ಇಂಥವು. ತಿರುಗುವಾಗ ನಿಂತಲ್ಲೇ ತಿರುಗದೆ ಅಗಲವಾಗಿ ಸುತ್ತು ಹಾಕಿ ಬರೋದನ್ನು ಅಭ್ಯಾಸ ಮಾಡಿಸಬೇಕು.

ಬಿದ್ದಾರು ಅನ್ನೋ ಹೆದರಿಕೆಯಿಂದ ಹಿರಿಯರನ್ನು ಕುರ್ಚಿಯಲ್ಲೇ ಕೂರಿಸಿಟ್ಟರೆ ಆಪರೇಷನ್‌ನಿಂದ ಬಂದ ಲಾಭವೂ ಉಳಿಯಲ್ಲ. ಹಾಗಂತ ಮೊದಲ ವಾರವೇ ಬೈಕ್ ಹಿಂದೆ ಕೂರಿಸಿಕೊಂಡು ಪೇಟೆಗೆ ಕರೆದುಕೊಂಡು ಹೋಗೋದೂ ಸರಿಯಲ್ಲ. ಎಷ್ಟು ದಿನ ಆದ ಮೇಲೆ ಏನು ಮಾಡಬಹುದು ಅಂತ ಡಿಸ್ಚಾರ್ಜ್ ದಿನವೇ ಕೇಳಿ ಬರೆದುಕೊಳ್ಳಬೇಕು.

ಮೂತ್ರಕ್ಕೆ ಸಮಯ ನಿಗದಿ ಮಾಡೋದು ಒಳ್ಳೆಯದು. ಎರಡು ಮೂರು ಗಂಟೆಗೊಮ್ಮೆ, ಅವಸರ ಶುರುವಾಗೋ ಮುಂಚೆಯೇ ಬಚ್ಚಲಿಗೆ ಹೋಗುವ ರೂಢಿ ಆದರೆ ಬಟ್ಟೆ ಒದ್ದೆಯಾಗೋದು ಕಡಿಮೆಯಾಗುತ್ತೆ. ನೀರು ಕುಡಿಯೋದನ್ನೇ ನಿಲ್ಲಿಸೋದು ಪರಿಹಾರ ಅಲ್ಲ. ಮಲಬದ್ಧತೆ ಆಗದ ಹಾಗೆಯೂ ನೋಡಿಕೊಳ್ಳಬೇಕು. ಕರುಳು ಬಿಗಿದು ಹೊಟ್ಟೆಯೊಳಗೆ ಒತ್ತಡ ಹೆಚ್ಚಾದರೆ ಶಂಟ್‌ನಿಂದ ದ್ರವ ಹರಿಯೋದಕ್ಕೂ ತಡೆಯಾಗಬಹುದು.

ಈ ಲಕ್ಷಣ ಕಂಡರೆ ತಡ ಮಾಡಬೇಡಿ

* ಜ್ವರ, ಗಾಯದ ಸುತ್ತ ಕೆಂಪಾಗೋದು, ಊತ, ಕೀವು ಅಥವಾ ನೀರು ಒಸರೋದು. ಇದು ಸೋಂಕಿನ ಸೂಚನೆ. ಶಂಟ್ ಸೋಂಕು ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ ಕಾಣಿಸಿಕೊಳ್ಳುತ್ತೆ.
* ಎದ್ದು ಕೂತರೆ ತಲೆನೋವು, ಮಲಗಿದರೆ ಕಡಿಮೆ. ದ್ರವ ಬೇಕಾದ್ದಕ್ಕಿಂತ ಹೆಚ್ಚು ಹರಿಯುತ್ತಿರಬಹುದು.
* ಮಂಪರು, ವಾಂತಿ, ಒಂದು ಕಡೆಯ ಕೈ ಕಾಲು ಸೋಲೋದು, ಮಾತು ತೊದಲೋದು, ಫಿಟ್ಸ್. ತಲೆಯೊಳಗೆ ರಕ್ತಸ್ರಾವ ಆಗಿರಬಹುದು. ಇದು ತುರ್ತು.
* ತಲೆಗೆ ಪೆಟ್ಟು. ಸಣ್ಣ ಪೆಟ್ಟು ಅನಿಸಿದರೂ ಶಂಟ್ ಇರುವವರಲ್ಲಿ ನಿರ್ಲಕ್ಷ್ಯ ಬೇಡ. ರಕ್ತ ನಿಧಾನವಾಗಿ ಸೇರಿಕೊಂಡು ಕೆಲವು ವಾರ ಆದ ಮೇಲೆ ಲಕ್ಷಣ ಕಾಣಬಹುದು.
* ಚೆನ್ನಾಗಿ ನಡೆಯುತ್ತಿದ್ದವರು ಮತ್ತೆ ಹಳೇ ಥರ ಕಾಲೆಳೆಯೋದು. ಶಂಟ್ ಕಟ್ಟಿಕೊಂಡಿರಬಹುದು.
* ಹೊಟ್ಟೆನೋವು, ಹೊಟ್ಟೆ ಊದೋದು.

ಆಪರೇಷನ್ ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಆಗಿದ್ದರೆ, ರಾತ್ರಿ ಹೊತ್ತು ತೊಂದರೆ ಆದಾಗ ನೇರ ಅಲ್ಲಿಗೇ ಹೋಗ್ತೀವಿ ಅಂತ ಹೊರಡೋದು ಸರಿಯಲ್ಲ. ಹೊಸನಗರ, ಸೊರಬ ಕಡೆಯಿಂದ ಗಂಟೆಗಟ್ಟಲೆ ದಾರಿ. ಮೊದಲು ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿ, ಅಲ್ಲಿಂದಲೇ ಆಪರೇಷನ್ ಮಾಡಿದ ವೈದ್ಯರ ಜೊತೆ ಮಾತಾಡಿಸಬೇಕು. ಆಂಬುಲೆನ್ಸ್‌ಗೆ 108. ಹಳೇ ಸ್ಕ್ಯಾನ್ ಫಿಲ್ಮ್, ಡಿಸ್ಚಾರ್ಜ್ ಪೇಪರ್ ಒಂದೇ ಚೀಲದಲ್ಲಿ ಬಾಗಿಲ ಹತ್ತಿರ ಇದ್ದರೆ ಹುಡುಕುವ ಸಮಯ ಉಳಿಯುತ್ತೆ. ಹಳೇ ಸ್ಕ್ಯಾನ್ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಹೊಸದರಲ್ಲಿ ಏನು ಬದಲಾಗಿದೆ ಅನ್ನೋದು ಡಾಕ್ಟರಿಗೆ ತಿಳಿಯುತ್ತೆ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಅಂದರೆ ಹೃದಯಕ್ಕೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಇರುವವರು, ಆಪರೇಷನ್‌ಗೂ ಮುಂಚೆಯೇ ಅದನ್ನು ಹೇಳಬೇಕು. ಯಾವಾಗ ನಿಲ್ಲಿಸಬೇಕು, ಯಾವಾಗ ಮತ್ತೆ ಶುರು ಮಾಡಬೇಕು ಅನ್ನೋದು ವೈದ್ಯರ ತೀರ್ಮಾನ. ಮನೆಯವರೇ ನಿಲ್ಲಿಸಿದರೆ ಹೃದಯಕ್ಕೆ ಅಪಾಯ, ಹೇಳದೆ ಮುಂದುವರಿಸಿದರೆ ತಲೆಗೆ ಅಪಾಯ.

ಅಯಸ್ಕಾಂತದಿಂದ ದೂರ

ಪ್ರೋಗ್ರಾಮಬಲ್ ವಾಲ್ವ್ ಇರುವವರು ಎಂಆರ್‌ಐ ಕೋಣೆಗೆ ಹೋಗುವ ಮೊದಲೇ ಹೇಳಬೇಕು. ಯಂತ್ರದ ಅಯಸ್ಕಾಂತಕ್ಕೆ ಕೆಲವು ವಾಲ್ವ್‌ಗಳ ಮಟ್ಟ ಬದಲಾಗಬಹುದು. ಹಾಗಾಗಿ ಸ್ಕ್ಯಾನ್ ಆದ ಮೇಲೆ ಮಟ್ಟ ಪರೀಕ್ಷೆ ಮಾಡಿಸಲೇಬೇಕು. ವಾಲ್ವ್‌ನ ಹೆಸರು, ಮಾದರಿ, ಈಗಿನ ಮಟ್ಟ ಬರೆದ ಕಾರ್ಡ್ ಆಸ್ಪತ್ರೆಯಿಂದ ಕೇಳಿ ಪಡೆದು, ಯಾವಾಗಲೂ ಜೇಬಿನಲ್ಲಿರಬೇಕು. ಅದರ ಫೋಟೋ ಮಕ್ಕಳ ಮೊಬೈಲ್‌ನಲ್ಲೂ ಇರಲಿ.

ಮನೆಯಲ್ಲಿ ಮೊಬೈಲ್ ಬಳಸಬಹುದು, ಆದರೆ ವಾಲ್ವ್ ಇರುವ ಕಿವಿಗೆ ಒತ್ತಿ ಹಿಡಿಯೋದು ಬೇಡ, ಇನ್ನೊಂದು ಕಿವಿ ಬಳಸಿದರಾಯ್ತು. ‘ಮ್ಯಾಗ್ನೆಟ್ ಥೆರಪಿ’ ಹೆಸರಲ್ಲಿ ಮಾರುವ ದಿಂಬು, ಹಾಸಿಗೆ, ಪಟ್ಟಿಗಳನ್ನು ಇಂಥವರಿಗೆ ಕೊಡಲೇಬಾರದು.

ಮನೆಯಲ್ಲಿ ಬದಲಾಗಬೇಕಾದ್ದು

ಮಲೆನಾಡಿನ ಹಳೇ ಮನೆಗಳಲ್ಲಿ ಎತ್ತರದ ಹೊಸ್ತಿಲು, ಕತ್ತಲೆ ಪಡಸಾಲೆ, ಹಿತ್ತಿಲ ಕಡೆ ಬಚ್ಚಲು. ಮಳೆಗಾಲದಲ್ಲಿ ಅಂಗಳದ ತುಂಬ ಪಾಚಿ. ಗಟ್ಟಿ ಕಾಲಿನವರೇ ಜಾರುವ ಜಾಗ. ಆಪರೇಷನ್‌ಗೆ ದಿನ ಗೊತ್ತಾದ ಕೂಡಲೇ, ಹಿರಿಯರು ವಾಪಸ್ ಬರೋಷ್ಟರಲ್ಲಿ ಈ ಕೆಲಸ ಮುಗಿದಿರಬೇಕು.

ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ಪೂರ್ತಿ ಉರಿಯುವ ಸಣ್ಣ ಬಲ್ಬ್. ದಾರಿಯಲ್ಲಿ ಚಾಪೆ, ವೈರ್, ಅಡಿಕೆ ಚೀಲ ಇರಬಾರದು. ಬಚ್ಚಲು, ಪಾಯಿಖಾನೆ ಗೋಡೆಗೆ ಗಟ್ಟಿ ಸ್ಟೀಲ್ ಹಿಡಿಕೆ. ಕುಕ್ಕರಗಾಲಿನಲ್ಲಿ ಕೂತು ಏಳೋದು ಕಷ್ಟವಾದ್ದರಿಂದ ಕಮೋಡ್ ಇಲ್ಲವೇ ಕಮೋಡ್ ಕುರ್ಚಿ. ರಾತ್ರಿಗೆ ಹಾಸಿಗೆ ಪಕ್ಕದಲ್ಲೇ ಯೂರಿನ್ ಪಾಟ್. ಹೊಸ್ತಿಲಿಗೆ ಎದ್ದು ಕಾಣುವ ಬಣ್ಣದ ಪಟ್ಟಿ. ಸವೆದ ಹವಾಯಿ ಚಪ್ಪಲಿ ಬಿಟ್ಟು, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ. ಇದ್ಯಾವುದಕ್ಕೂ ಆಪರೇಷನ್‌ನಷ್ಟು ಖರ್ಚಿಲ್ಲ.

ಮನಸ್ಸಿನ ಬಗ್ಗೆ ಯಾರೂ ಕೇಳಲ್ಲ

ಬಟ್ಟೆ ಒದ್ದೆಯಾಗುತ್ತೆ ಅನ್ನೋ ನಾಚಿಕೆಗೆ ಮದುವೆ, ಪೂಜೆ, ಸಂಘದ ಸಭೆ ಎಲ್ಲವನ್ನೂ ಬಿಟ್ಟು ಒಳಗೇ ಉಳಿದ ಹಿರಿಯರು ಆಪರೇಷನ್ ಆದ ಮೇಲೂ ತಾವಾಗಿ ಹೊರಗೆ ಬರಲ್ಲ. ಸ್ವೀಡನ್‌ನ ಅಧ್ಯಯನಗಳಲ್ಲಿ ಶಂಟ್ ಹಾಕಿಸಿಕೊಂಡವರ ಬದುಕಿನ ಗುಣಮಟ್ಟ ತಗ್ಗಿಸುವ ಮುಖ್ಯ ಕಾರಣಗಳಲ್ಲಿ ಖಿನ್ನತೆಯೂ ಒಂದು ಅಂತ ಕಂಡುಬಂದಿದೆ. ಊಟ ಸೇರದಿರೋದು, ನಿದ್ದೆ ಇಲ್ಲದಿರೋದು, ‘ನಾನ್ಯಾಕೆ ಇರಬೇಕು’ ಅನ್ನೋ ಮಾತು ಕೇಳಿಬಂದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಖಿನ್ನತೆಗೆ ಬೇರೆ ಚಿಕಿತ್ಸೆ ಇದೆ, ಅದು ಶಂಟ್‌ನಿಂದ ಸರಿಯಾಗೋದಲ್ಲ.

ಸಣ್ಣ ಕೆಲಸ ವಾಪಸ್ ಕೊಡೋದರಿಂದಲೂ ಚೇತರಿಕೆ ಬರುತ್ತೆ. ಹೂವು ಕೊಯ್ದು ತರೋದು, ಗೇಟಿನ ತನಕ ಹೋಗಿ ಪೇಪರ್ ತರೋದು, ಕೂತು ಅಡಿಕೆ ಆರಿಸೋದು. ‘ನೀವು ಸುಮ್ನೆ ಕೂತ್ಕೊಳ್ಳಿ’ ಅನ್ನುವ ಪ್ರೀತಿ ಇಲ್ಲಿ ಉಪಕಾರಕ್ಕೆ ಬರಲ್ಲ.

ನೋಡಿಕೊಳ್ಳುವವರ ಕಷ್ಟ ಬೇರೆಯೇ. ರಾತ್ರಿ ಮೂರು ಸಲ ಎದ್ದು ಬಟ್ಟೆ ಬದಲಿಸೋರು ಹೆಚ್ಚಿನ ಮನೆಗಳಲ್ಲಿ ವಯಸ್ಸಾದ ಹೆಂಡತಿ ಅಥವಾ ಸೊಸೆ. ವಾರಕ್ಕೆ ಒಂದೆರಡು ರಾತ್ರಿಯಾದರೂ ಗಂಡುಮಕ್ಕಳು ಆ ಸರದಿ ತೆಗೆದುಕೊಂಡರೆ ಅವರಿಗೆ ನಿದ್ದೆಯಾದರೂ ಸಿಗುತ್ತೆ. ಹಿರಿಯರಿಗೆ ಸಂಬಂಧಿಸಿದ ಮಾಹಿತಿಗೆ ಎಲ್ಡರ್‌ಲೈನ್ ಸಂಖ್ಯೆ 14567, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಂಖ್ಯೆ 14416. ಎರಡೂ ಉಚಿತ.

ಒಪ್ಪಿಗೆಗೆ ಸಹಿ ಹಾಕುವ ಮೊದಲು ಕೇಳಬೇಕಾದ್ದು

ವಯಸ್ಸು ಎಂಬತ್ತು ಅನ್ನೋ ಒಂದೇ ಕಾರಣಕ್ಕೆ ಆಪರೇಷನ್ ಬೇಡ ಅನ್ನಲ್ಲ. ಆದರೆ ಎಲ್ಲರಿಗೂ ಹೊಂದುವ ಆಪರೇಷನ್ ಇದಲ್ಲ. ನಡಿಗೆ ಸರಿಯಿದ್ದು ಬರೀ ಮರೆವೇ ದೊಡ್ಡದಾಗಿರುವವರಿಗೆ, ವರ್ಷಗಟ್ಟಲೆ ಹಾಸಿಗೆ ಹಿಡಿದವರಿಗೆ ಲಾಭ ಕಡಿಮೆ. ಅಲ್ಝೈಮರ್ ಕೂಡ ಜೊತೆಗಿದ್ದರೆ ಬಂದ ಸುಧಾರಣೆ ಹೆಚ್ಚು ಕಾಲ ಉಳಿಯದೇ ಹೋಗಬಹುದು. ಇನ್ನೊಂದು ಕಡೆ, ಕಾಯಿಲೆ ಖಚಿತವಾದ ಮೇಲೂ ತಿಂಗಳುಗಟ್ಟಲೆ ಕಾದರೆ ಆ ಅವಧಿಯಲ್ಲಿ ಕಳೆದುಕೊಂಡಿದ್ದು ಪೂರ್ತಿ ವಾಪಸ್ ಬರಲ್ಲ ಅನ್ನೋದೂ ಸ್ವೀಡನ್‌ನ ಅಧ್ಯಯನದಲ್ಲಿ ಕಂಡಿದೆ.

ವೈದ್ಯರ ಹತ್ತಿರ ಈ ಪ್ರಶ್ನೆ ಕೇಳಬಹುದು:

* ಟ್ಯಾಪ್ ಟೆಸ್ಟ್‌ನಲ್ಲಿ ನಡಿಗೆ ಎಷ್ಟು ಸುಧಾರಿಸಿತು?
* ಇವರಿಗೆ ಯಾವುದು ವಾಪಸ್ ಬರುವ ಸಾಧ್ಯತೆ ಇದೆ, ಯಾವುದು ಕಷ್ಟ?
* ಮರೆವಿಗೆ ಬೇರೆ ಕಾರಣವೂ ಇದೆಯಾ?
* ಯಾವ ವಾಲ್ವ್, ಯಾಕೆ? ಮಟ್ಟ ಬದಲಿಸಬೇಕಾದರೆ ಎಲ್ಲಿಗೆ ಬರಬೇಕು?
* ಇವರ ಬಿ.ಪಿ., ಶುಗರ್, ಹೃದಯದ ಮಾತ್ರೆಗಳಿಂದ ಎಷ್ಟು ಅಪಾಯ?
* ಆಪರೇಷನ್ ಮಾಡಿಸದಿದ್ದರೆ ಮುಂದೆ ಏನಾಗಬಹುದು?

ಮತ್ತೆ, ಹಿರಿಯರನ್ನೇ ಕೇಳಬೇಕು. ಮಾತು ನಿಧಾನ ಆಗಿರಬಹುದು, ಆದರೆ ತಮಗೆ ಏನು ಬೇಕು ಅಂತ ಹೇಳೋ ಶಕ್ತಿ ಬಹಳ ಜನರಲ್ಲಿ ಇರುತ್ತೆ. ‘ಒಬ್ಬನೇ ಬಚ್ಚಲಿಗೆ ಹೋಗೋ ಹಾಗಾದ್ರೆ ಸಾಕು’ ಅಂತ ಅವರು ಅಂದರೆ, ಆಪರೇಷನ್‌ನಿಂದ ಏನು ಸಿಕ್ಕಿತು ಅಂತ ಆಮೇಲೆ ನೋಡೋದಕ್ಕೆ ಅದೇ ಅಳತೆ.

ಖರ್ಚು, ಕಾರ್ಡ್

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂ. ಮಿತಿಯಲ್ಲಿ ಸಿಗುತ್ತೆ. ದೊಡ್ಡ ಆಪರೇಷನ್‌ಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತೆ. ನೇರ ದಾಖಲಾಗಿ ಆಮೇಲೆ ಕಾರ್ಡ್ ತೋರಿಸಿದರೆ ತೊಂದರೆ. ಮೆಗ್ಗಾನ್ ಆಸ್ಪತ್ರೆಯಲ್ಲಿ ಅಥವಾ ಹೋಗಬೇಕೆಂದಿರುವ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಮೊದಲೇ ವಿಚಾರಿಸಿ. ಶಂಟ್ ಆಪರೇಷನ್ ಪ್ಯಾಕೇಜ್‌ನಲ್ಲಿ ಯಾವ ಬಗೆಯ ವಾಲ್ವ್ ಸೇರಿದೆ, ಬೇರೆ ವಾಲ್ವ್ ಬೇಕಾದರೆ ಕೈಯಿಂದ ಎಷ್ಟು ಹಾಕಬೇಕು ಅನ್ನೋದನ್ನು ಕೇಳಿ ಬರೆಸಿಕೊಳ್ಳಿ.

ಕೆಲವು ವರ್ಷ ಆದ ಮೇಲೆ?

ಶಂಟ್ ಒಮ್ಮೆ ಹಾಕಿದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತೆ. ಕೆಲವರಲ್ಲಿ ಅದು ಕಟ್ಟಿಕೊಂಡು ಅಥವಾ ಜಾಗ ಬಿಟ್ಟು ಸರಿದು, ಮತ್ತೆ ಆಪರೇಷನ್ ಬೇಕಾಗಬಹುದು. ಎರಡು ಮೂರು ವರ್ಷ ಚೆನ್ನಾಗಿದ್ದವರು ನಿಧಾನವಾದರೆ, ‘ಇಷ್ಟು ದಿನ ಇದ್ದಿದ್ದೇ ಹೆಚ್ಚು’ ಅಂತ ಕೈಬಿಡೋ ಮುಂಚೆ ಶಂಟ್ ಪರೀಕ್ಷೆ ಮಾಡಿಸಬೇಕು. ವಾಲ್ವ್ ಮಟ್ಟ ಬದಲಿಸಿದರೆ ಮತ್ತೆ ನಡೆಯುವ ಸಾಧ್ಯತೆ ಇರುತ್ತೆ. ಎಲ್ಲ ಸರಿಯಿದ್ದೂ ನಿಧಾನವಾಗಿದ್ದರೆ ಆಗ ಬೇರೆ ಕಾಯಿಲೆ ಹುಡುಕಬೇಕಾಗುತ್ತೆ.

ನಿಮ್ಮ ಮನೆಯಲ್ಲೂ ಕಾಲೆಳೆಯುವ ನಡಿಗೆ, ಮೂತ್ರದ ಅವಸರ, ಮಂಕುತನ ಮೂರೂ ಇರುವ ಹಿರಿಯರಿದ್ದರೆ, ಮೂರನ್ನೂ ಒಂದೇ ಚೀಟಿಯಲ್ಲಿ, ಯಾವುದು ಮೊದಲು ಶುರುವಾಯ್ತು ಅನ್ನೋದರ ಸಮೇತ ಬರೆದುಕೊಂಡು, ನಡಿಗೆಯ ವಿಡಿಯೋ ಜೊತೆ ನರರೋಗ ತಜ್ಞರಿಗೆ ಒಮ್ಮೆ ತೋರಿಸಿ. ಅದು ಎನ್‌ಪಿಎಚ್ ಅಲ್ಲದಿದ್ದರೂ, ತೊಂದರೆಗೆ ಕಾರಣ ಏನು ಅಂತ ಹುಡುಕೋದಕ್ಕೆ ಅಲ್ಲಿಂದಲೇ ದಾರಿ ಸಿಗುತ್ತೆ.